ಗಾಜಿನ ಆಚೆಗೆ ಕಟ್ಟಿದ ಬಲೆ

ಒಳಗಿಂದ ಚಿಲಕ ಹಾಕದಿದ್ದರೆ ನಮ್ಮಮ್ಮನಿಗೆ ಹಗಲಲ್ಲೂ ಕಣ್ಣು ಮುಚ್ಚುವುದಿಲ್ಲ. ಕೆಲಮಂಗಲದ ಹತ್ತಿರ, ಹೊಲದ ನಡುವಿನ ಒಂಟಿ ಮನೆಯಲ್ಲಿ ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಬಾಳಿದವಳು. ಹೊಸೂರಿಗೆ ಬಂದು ನಮ್ಮ ಜೊತೆ ಇರತೊಡಗಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ನನ್ನ ಗಂಡ ಹಳೆಯ ವ್ಯಾನೊಂದನ್ನು ತಂದು ಅದನ್ನೇ ಓಡಾಡುವ ಮನೆ ಮಾಡಲು ಹೊರಟಾಗ ಅವಳು ಕೇಳಿದ್ದು ಒಂದೇ ಮಾತು.

"ಬಾಗ್ಲಿಗೆ ಒಳಗಡೆ ಚಿಲ್ಕ ಐತಾ ಅಳಿಯಂದ್ರೇ?"

ಅವರು ನಕ್ಕು, ಮಾರನೆಯ ದಿನವೇ ದಪ್ಪನೆಯ ಉಕ್ಕಿನ ಚಿಲಕ ತಂದು ಜಾರುವ ಬಾಗಿಲಿಗೆ ಕೂರಿಸಿದರು. ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವ ಕೆಲಸ ಅವರದು. ಕೈಗೆ ತೆಗೆದುಕೊಂಡದ್ದನ್ನು ಗಟ್ಟಿಯಾಗಿ ಮಾಡದೆ ಬಿಡುವವರಲ್ಲ. ವ್ಯಾನಿನೊಳಗೆ ಎರಡು ಮಂಚ, ಗ್ಯಾಸಿನ ಒಲೆ, ಬೀರುವಿನಷ್ಟೇ ಅಗಲದ ಕಕ್ಕಸು, ಡ್ರೈವರ್ ಸೀಟಿನ ಹಿಂದೆ ಪ್ಲೈವುಡ್ಡಿನ ಗೋಡೆ. ದೊಡ್ಡ ದೊಡ್ಡ ಆರು ಗಾಜಿನ ಕಿಟಕಿಗಳು. ಕಿಟಕಿಗಳಿಗೆ ದಪ್ಪ ಬಟ್ಟೆಯ ಪರದೆ ಹೊಲಿದವಳು ನಾನೇ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು ನಾನು. ಪರದೆಗಳ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮುಚ್ಚಿದರೆ ಒಳಗೆ ಏನಿದೆಯೆಂದು ಹೊರಗಿನವರಿಗೆ ಕಾಣುವಂತಿರಲಿಲ್ಲ. ಅದು ನಮಗೆ ಹೆಮ್ಮೆಯ ವಿಷಯವಾಗಿತ್ತು.

ಏಪ್ರಿಲ್ ತಿಂಗಳ ಒಂದು ಭಾನುವಾರ ಮೂವರೂ ಕೃಷ್ಣಗಿರಿ ಅಣೆಕಟ್ಟು ನೋಡಲು ಹೊರಟೆವು. ಸೂಳಗಿರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅಮ್ಮ ಲೋಟ ಮುಟ್ಟಲಿಲ್ಲ.

"ನೀರಾದ್ರೂ ಕುಡಿಯಮ್ಮ."

"ದಾರೀಲಿ ನೀರ್ ಕುಡ್ದು ಆಮೇಲೆ ಯಾರು ಒದ್ದಾಡೋರು?"

"ಗಾಡಿಯಲ್ಲೇ ಇದೆಯಲ್ಲ."

"ಒಲೆ ಪಕ್ದಾಗೇ ಕಕ್ಕಸ್ಸಾ? ಥೂ. ನಾನಂತೂ ಕಾಲಿಡಾಕಿಲ್ಲ."

ನಾನು ನಕ್ಕುಬಿಟ್ಟೆ. ಬೆಳಿಗ್ಗೆ ಅವಳು ರಕ್ತದೊತ್ತಡದ ಮಾತ್ರೆ ನುಂಗಿದ್ದಳು, ಅದು ಮೈಯ ನೀರನ್ನು ಇಳಿಸುವ ಮಾತ್ರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆನಲ್ಲ ಎಂಬುದನ್ನು ಇವತ್ತಿಗೂ ನನ್ನಿಂದ ಮರೆಯಲಾಗಿಲ್ಲ.

ಅಣೆಕಟ್ಟು ನೋಡಿ, ಚಿತ್ರಾನ್ನ ಮೊಸರನ್ನ ತಿಂದದ್ದಾಯಿತು. ಅಮ್ಮ ಸ್ವಲ್ಪ ಅಡ್ಡಾಗುತ್ತೇನೆ ಎಂದಳು. ವಾಪಸು ಬರುವ ದಾರಿಯಲ್ಲಿ ಒಂದು ಮಾವಿನ ತೋಪಿನ ಮುಂದೆ ಹುಣಸೆಮರ ಕಂಡಿತು. ಅದರ ನೆರಳು ವ್ಯಾನನ್ನು ಪೂರ್ತಿ ಮುಚ್ಚುವಷ್ಟಿತ್ತು. ಅಲ್ಲೇ ನಿಲ್ಲಿಸಿದೆವು. ಇಂಜಿನ್ ನಿಲ್ಲಿಸಿದರೆ ಏಸಿಯೂ ನಿಲ್ಲುತ್ತಿತ್ತು, ಆದರೆ ಎರಡು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದು ಅದಕ್ಕಿಂತ ಸರಿಯದಂತೆ ಒಳಗಿನ ಕೊಂಡಿ ಹಾಕಿದೆವು, ಚಾವಣಿಯ ಪುಟ್ಟ ಫ್ಯಾನ್ ಹಾಕಿದೆವು. ಪರದೆ ಎಳೆದೆ. ನಾವು ಇಳಿದ ಮೇಲೆ ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು.

ಹಣ್ಣು ಸಿಗುತ್ತದೋ ನೋಡೋಣವೆಂದು ತೋಪಿನೊಳಗೆ ಹೋದೆವು. ತೋಪಿನ ಯಜಮಾನಿ ನನ್ನದೇ ವಯಸ್ಸಿನ ಹೆಂಗಸು. ತೆಲುಗು ಮನೆಮಾತು, ನಮ್ಮೊಡನೆ ಕನ್ನಡ, ಆಳುಗಳೊಡನೆ ತಮಿಳು. ತೋತಾಪುರಿ ಬಲಿಯಲು ಇನ್ನೂ ದಿನ ಬೇಕು, ಸೇಂದೂರ ಬೇಕಾದರೆ ಒಂದೆರಡು ಮರದಲ್ಲಿ ಇದೆ ಎಂದು ಮರದಿಂದ ಮರಕ್ಕೆ ಕರೆದುಕೊಂಡು ಹೋದಳು. ಮಾತು ಬೆಳೆಯಿತು. ಅವಳ ಮಗಳೂ ಟೀಚರ್ ಆಗಲು ಓದುತ್ತಿದ್ದಳಂತೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಂದು ಗಂಟೆಗೂ ಹೆಚ್ಚೇ ಆಗಿರಬೇಕು.

ಹಣ್ಣಿನ ಚೀಲ ಹಿಡಿದು ತೋಪಿನ ಬೇಲಿ ದಾಟಿದಾಗ ಮೊದಲು ಕಣ್ಣಿಗೆ ಬಿದ್ದದ್ದು ನೆರಳು. ಅದು ವ್ಯಾನಿನ ಮೇಲೆ ಇರಲಿಲ್ಲ. ಆಚೆ ಬದಿಯ ಬರೀ ಮಣ್ಣಿನ ಮೇಲೆ ಬಿದ್ದಿತ್ತು. ವ್ಯಾನು ಬಿಸಿಲಲ್ಲಿ ಹೊಳೆಯುತ್ತಾ ನಿಂತಿತ್ತು.

"ಅಮ್ಮಾ" ಎಂದು ಬಾಗಿಲು ಬಡಿದೆ. ತಗಡು ಅಂಗೈಯನ್ನು ಚುರ್ ಎಂದು ಸುಟ್ಟಿತು. ಉತ್ತರವಿಲ್ಲ. ಮತ್ತೆ ಬಡಿದೆ. ಎಲ್ಲ ಕಿಟಕಿಗಳಿಗೂ ಕಣ್ಣಿಟ್ಟೆ. ನಾನು ಅಷ್ಟು ಅಚ್ಚುಕಟ್ಟಾಗಿ ಹೊಲಿದ ಪರದೆಗಳು, ಒಂದರಲ್ಲೂ ಸಂದಿಯಿಲ್ಲ. ತೆರೆದಿದ್ದ ನಾಲ್ಕು ಬೆರಳಿನ ಸಂದಿಗೆ ಮುಖ ಒಡ್ಡಿದರೆ ಒಲೆಯ ಬಾಯಿಗೆ ಮುಖವಿಟ್ಟ ಹಾಗೆ ಝಳ ಬಡಿಯಿತು. ಆ ಝಳದೊಳಗಿಂದ ಸಣ್ಣ ನರಳಾಟ ಕೇಳಿಸಿತು, ಅಥವಾ ಕೇಳಿಸಿತೆಂದು ನಾನೇ ಅಂದುಕೊಂಡೆನೋ.

ಅವರು ಕೀಲಿ ತಿರುಗಿಸಿ ಬಾಗಿಲನ್ನು ಎಳೆದರು. ಅಲುಗಲಿಲ್ಲ. ಅವರೇ ಕೂರಿಸಿದ ಚಿಲಕ. ಮುಂದಿನ ಬಾಗಿಲಿಂದ ಹತ್ತಿ ಪ್ಲೈವುಡ್ಡನ್ನು ಭುಜದಿಂದ ಗುದ್ದಿದರು. ಅದೂ ಅವರೇ ಕಟ್ಟಿದ ಗೋಡೆ, ಬಗ್ಗಲಿಲ್ಲ. ಕೆಳಗಿಳಿದು ನನ್ನ ಕಡೆ ನೋಡಿದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜೊತೆಗಿದ್ದ ಮನುಷ್ಯನ ಮುಖದಲ್ಲಿ ಆ ತೆರನ ಬಿಳುಪನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಅಮ್ಮ ಹೋಗಿಬಿಟ್ಟಿದ್ದಾಳೆ, ನಾನು ಮಾವಿನಹಣ್ಣು ಆರಿಸುತ್ತಿದ್ದಾಗ ಹೋಗಿಬಿಟ್ಟಿದ್ದಾಳೆ ಎಂದೇ ಮನಸ್ಸು ಹೇಳುತ್ತಿತ್ತು.

"ರೀ, ಗಾಜು ಒಡೀರೀ!" ಎಂದು ಕಿರುಚಿದೆ.

ಅವಳ ತಲೆ ಯಾವ ಕಡೆಗಿದೆಯೋ ಎಂದು ಅವರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಒಲೆಯ ಪಕ್ಕದ ಗಾಜಿಗೆ ಜಾಕಿಯ ಸರಳಿನಿಂದ ಹೊಡೆದರು. ಕೈ ತೂರಿಸಿ, ಮೈ ತೂರಿಸಿ, ತೋಳು ಕೊಯ್ದುಕೊಂಡು ಒಳಗೆ ಬಿದ್ದರು. ಚಿಲಕ ಸರಿಯಿತು.

ಅಮ್ಮ ಮಂಚದ ಮೇಲಿದ್ದಳು. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಮುಖ ಕೆಂಪಗೆ, ಮೈಯೆಲ್ಲ ಕಾದ ಹೆಂಚು, ಬೆವರಿನ ಒಂದು ಹನಿಯೂ ಇಲ್ಲ. ನನ್ನನ್ನು ನೋಡಿ, "ಅಕ್ಕಾ, ಕರೂನ ಬಿಸಿಲ್ನಾಗೇ ಕಟ್ಬುಟ್ಟವ್ರೆ, ಬಿಚ್ಚಾಕೆ ಹೇಳು" ಎಂದಳು. ನಾನು ಅವಳ ಅಕ್ಕ ಅಲ್ಲ, ಆ ದೊಡ್ಡಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬದುಕಿದ್ದಾಳೆ ಎಂಬ ಸಮಾಧಾನ ಆ ಒಂದು ಮಾತಿನಿಂದಲೇ ಇಂಗಿಹೋಯಿತು.

ನನ್ನ ಕೂಗಿಗೆ ತೋಪಿನ ಯಜಮಾನಿ ಓಡಿಬಂದಿದ್ದಳು. ಒಂದು ಸಲ ನೋಡಿ, "ಎತ್ಕೊಂಡ್ ಬರ್ರಿ, ಮೋಟ್ರು ಹತ್ರಕ್ಕೆ" ಎಂದಳು. ಮೂವರೂ ಸೇರಿ ಎತ್ತಿಕೊಂಡು ಹೋಗಿ ಪಂಪುಮನೆಯ ಹಿಂದಿನ ನೆರಳಲ್ಲಿ ಮಲಗಿಸಿದೆವು. ಅವಳು ಮೋಟರು ಹಾಕಿ ಪೈಪು ತಂದು ಅಮ್ಮನ ಸೀರೆಯ ಮೇಲೆಯೇ ನೀರು ಬಿಟ್ಟಳು. ಹಣ್ಣು ತುಂಬುವ ರಟ್ಟಿನ ಪೆಟ್ಟಿಗೆಯನ್ನು ಹರಿದು ನನ್ನ ಕೈಗೊಂದು ತುಂಡು ಕೊಟ್ಟು, "ಬೀಸಿ, ನಿಲ್ಲಿಸ್ಬೇಡಿ" ಎಂದಳು. ನಾನು ಅಮ್ಮನ ಬಾಯಿಗೆ ನೀರು ಬಿಡಲು ಹೋದರೆ ಕೈ ಹಿಡಿದಳು.

"ಈಗ್ ಬ್ಯಾಡಕ್ಕ, ಗ್ಯಾನ ಇಲ್ಲ. ನೆತ್ತಿಗೆ ಹತ್ಬುಡ್ತದೆ. ಮೈ ತಣ್ಣಗಾಗ್ಲಿ ಮೊದ್ಲು."

ಅವರು ಆಂಬುಲೆನ್ಸಿಗೆ ಫೋನ್ ಮಾಡಿ ರಸ್ತೆಯಲ್ಲಿ ನಿಂತರು. ನಾನು ಬೀಸುತ್ತಿದ್ದೆ. ತೋಳು ಸೋತು ಮರಗಟ್ಟಿದರೂ, ನಿಲ್ಲಿಸಿದರೆ ಅಮ್ಮನ ಉಸಿರೂ ನಿಲ್ಲುತ್ತದೆ ಎಂಬ ಹುಚ್ಚು ಭಯ. ಅಮ್ಮ ಕರುವಿನ ಮಾತನ್ನೇ ಹೇಳುತ್ತಿದ್ದಳು, ದನಿ ತಗ್ಗುತ್ತಾ ತಗ್ಗುತ್ತಾ. ಆಂಬುಲೆನ್ಸಿನ ಸದ್ದು ದೂರದಲ್ಲಿ ಕೇಳಿಸುವ ಹೊತ್ತಿಗೆ ಮಾತು ಪೂರಾ ನಿಂತಿತ್ತು. ಅವಳ ಮೂಗಿನ ಬಳಿ ಬೆರಳಿಟ್ಟೆ. ಒದ್ದೆ ಬೆರಳಿಗೆ ತೆಳುವಾಗಿ ಉಸಿರು ತಾಗಿತು.

ಕೃಷ್ಣಗಿರಿಯ ಆಸ್ಪತ್ರೆಯ ಡಾಕ್ಟರು ತಮಿಳಿನಲ್ಲಿ ನಿಧಾನವಾಗಿ ಹೇಳಿದರು: ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು, ನೀರು ಹಾಕಿ ಬೀಸಿದ್ದು ಒಳ್ಳೆಯದಾಯಿತು. ಮಾರನೆಯ ಬೆಳಿಗ್ಗೆ ಅಮ್ಮ ನನ್ನ ಗುರುತು ಹಿಡಿದಳು. ಆ ಮಧ್ಯಾಹ್ನದ ಒಂದು ತುಣುಕೂ ಅವಳ ನೆನಪಿನಲ್ಲಿರಲಿಲ್ಲ. "ಅಳಿಯಂದ್ರ ತೋಳಿಗೇನಾಯ್ತು?" ಎಂದು ನನ್ನನ್ನೇ ಕೇಳಿದಳು.

ಮನೆಗೆ ಬಂದ ಮೇಲೆ ನಾನು ವ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. ಮಾರಿಬಿಡಿ ಎಂದೆ. ಅವರು ಚಿಲಕ ಬಿಚ್ಚಿದರು, ಪ್ಲೈವುಡ್ಡಿನ ಗೋಡೆ ಕಿತ್ತರು, ಒಡೆದ ಗಾಜು ಬದಲಾಯಿಸಿದರು. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಕಪ್ಪು ಬಲೆಯ ದೊಡ್ಡ ಸುರುಳಿಯನ್ನು ಹೊತ್ತು ತಂದರು. ಗುಲಾಬಿ ಬೆಳೆಯುವವರು ಹಸಿರುಮನೆಯ ಮೇಲೆ ಹಾಸುವ ನೆರಳುಬಲೆ. ಕಾರ್ಖಾನೆಯ ಜೊತೆಗಾರನೊಬ್ಬನ ಗುಲಾಬಿ ತೋಟ ಉದ್ದನಪಲ್ಲಿ ಕಡೆ ಇತ್ತು, ಅಲ್ಲಿಂದ ತಂದದ್ದು.

"ಅವನು ಒಂದೇ ಮಾತು ಹೇಳ್ದ ಕಣೇ" ಎಂದರು. "ಬಿಸಿಲು ಗಾಜು ದಾಟಿ ಒಳಗೆ ಬಂದ್ಮೇಲೆ ಪರದೆ ಎಳೆದು ಏನು ಬಂತು? ಪರದೇನೇ ಕಾಯುತ್ತೆ, ಆ ಕಾವೆಲ್ಲ ಒಳಗೇ ಉಳಿಯುತ್ತೆ. ತಡೆಯೋದಾದ್ರೆ ಗಾಜಿನ ಆಚೇನೇ ತಡೀಬೇಕು. ನಂಗಿದು ಹೊಳೀಲಿಲ್ಲವಲ್ಲ."

ತಪ್ಪು ಅವರೊಬ್ಬರದೇ ಎಂದು ಅಷ್ಟು ದಿನವೂ ಒಳಗೊಳಗೇ ಕೊರಗುತ್ತಿದ್ದರೆಂದು ಆಗಲೇ ನನಗೆ ತಿಳಿದದ್ದು. ನಾನು ಅಳತೆ ಟೇಪು ತಂದೆ.

ಪ್ರತಿ ಕಿಟಕಿಗೂ ಗಾಜಿಗಿಂತ ಒಂದು ಗೇಣು ಅಗಲವಾಗಿ ಬಲೆ ಕತ್ತರಿಸಿದೆವು. ಅಂಚಿಗೆ ಕ್ಯಾನ್ವಾಸ್ ಪಟ್ಟಿ ಕೊಟ್ಟು ನಾನು ಹೊಲಿದೆ. ಅವರು ಮೂಲೆಗಳಿಗೆ ಉಂಗುರ ಹೊಡೆದು, ವ್ಯಾನಿನ ಮೈಗೆ ಕೊಕ್ಕೆ ಕೂರಿಸಿದರು. ಬಲೆ ಗಾಜಿಗೆ ಅಂಟದೆ ಗಾಳಿಯಾಡುವಷ್ಟು ದೂರ ನಿಲ್ಲಬೇಕೆಂದು ಮರದ ತುಂಡುಗಳನ್ನಿಟ್ಟರು. ಮುಂದಿನ ದೊಡ್ಡ ಗಾಜಿಗೂ ಒಂದು ಹೊದಿಕೆ ಆಯಿತು. ಪರೀಕ್ಷೆಗೆಂದು ಒಂದು ಮಧ್ಯಾಹ್ನ ಮನೆ ಮುಂದಿನ ಬಿಸಿಲಲ್ಲಿ, ಬಿಸಿಲು ಬೀಳುವ ಬದಿಯ ಒಂದು ಕಿಟಕಿಗೆ ಮಾತ್ರ ಬಲೆ ಕಟ್ಟಿ, ನಾನೇ ಒಳಗೆ ಕೂತೆ. ಬಾಗಿಲು ತೆರೆದೇ ಇತ್ತು, ಅವರು ಹೊಸ್ತಿಲಲ್ಲೇ ನಿಂತಿದ್ದರು. ಪಕ್ಕದ, ಬಲೆ ಇಲ್ಲದ ಗಾಜಿನ ಮೇಲೆ ಅಂಗೈ ಇಡಲಾಗಲಿಲ್ಲ. ಬಲೆ ಇದ್ದ ಗಾಜು ಬೆಚ್ಚಗಿತ್ತು, ಅಷ್ಟೇ. ತಣ್ಣಗಂತೂ ಇರಲಿಲ್ಲ. ಅಮ್ಮ ಬದುಕಿರುವ ತನಕ ಅವಳನ್ನು ಇದರಲ್ಲಿ ಒಬ್ಬಳೇ ಬಿಡುವುದಿಲ್ಲ ಎಂದು ಅಲ್ಲಿ ಕೂತೇ ಗಟ್ಟಿಮಾಡಿಕೊಂಡೆ.

ಮತ್ತೆ ಹೊರಡೋಣವೆಂದು ಹಟ ಹಿಡಿದವಳು ಅಮ್ಮನೇ. ಮುಂದಿನ ಬೇಸಿಗೆ ಆಗಷ್ಟೇ ಶುರುವಾಗಿತ್ತು, ಸೂಳಗಿರಿ ದಾಟಿ ಒಂದು ಕೆರೆಯ ಪಕ್ಕ ನಿಲ್ಲಿಸಿದ್ದೆವು. ಎಲ್ಲ ಕಿಟಕಿಗಳಿಗೂ ಬಲೆ ಬಿಗಿದು, ಬಾಗಿಲು ಪೂರ್ತಿ ತೆರೆದು, ಅಮ್ಮನಿಗೆ ಎರಡು ಲೋಟ ಮಜ್ಜಿಗೆ ಕುಡಿಸಿಯೇ ಮಲಗಲು ಬಿಟ್ಟೆ. ಅವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನನಗೆ ಕೂರಲಾಗಲಿಲ್ಲ. ವ್ಯಾನಿಗೆ ಸುತ್ತು ಹಾಕುತ್ತಾ, ನೆರಳು ಎಲ್ಲಿಗೆ ಬಂತೆಂದು ನೋಡುತ್ತಾ, ಬಲೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಹೊರಗಿಂದ ಬಲೆ ಕಪ್ಪಗಿತ್ತು, ಒಳಗಿನದೇನೂ ಕಾಣುತ್ತಿರಲಿಲ್ಲ. ಎಷ್ಟನೇ ಸುತ್ತೋ, ಒಂದು ಕಿಟಕಿಯ ಹಿಂದಿನಿಂದ ದನಿ ಬಂತು.

"ಲೇ, ಒಳಗಿಂದ ಎಲ್ಲಾ ಕಾಣ್ತೈತೆ ಕಣೇ. ಗಾಣದೆತ್ತಿನಂಗೆ ಸುತ್ತೀಯಲ್ಲ, ನಿಂಗೇ ಬಿಸಿಲ್ ಹೊಡ್ದಾತು. ಒಳೀಕೆ ಬಾ."

ಹೋಗಿ ಅವಳ ಮಂಚದ ಅಂಚಿನಲ್ಲಿ ಕೂತೆ. ಅವಳು ಆ ಕಡೆ ಹೊರಳಿ ನಿದ್ದೆಹೋದಳು. ನಾನು ಅವಳ ಬೆನ್ನಿನ ಮೇಲೆ ಹಗುರವಾಗಿ ಕೈಯಿಟ್ಟೆ. ಬೆವರಿನಿಂದ ರವಿಕೆ ಒದ್ದೆಯಾಗಿತ್ತು. ಆ ಒದ್ದೆ ಆರಿಹೋದೀತೆಂಬ ದಿಗಿಲಿನಲ್ಲಿ, ಅವಳು ಏಳುವ ತನಕ ಕೈ ತೆಗೆಯಲಿಲ್ಲ.