ಸೆಲ್ವಿ ಬಿಡಿಸಿದ ‘ತಂಪು’

ಕೊರೊನಾ ಮುಗಿದು ಅಂಗಡಿಗಳೆಲ್ಲ ಮತ್ತೆ ಬಾಗಿಲು ತೆರೆದ ಮರುವರ್ಷದ ಮಾತು. ಆಗ ನಾನು ದಿಂಡಿಗಲ್ಲಿನ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನ್ ವಿಭಾಗದ ಹಿರಿಯಳು. ವಿಭಾಗವೆಂದರೆ ಎರಡು ಕಂಪ್ಯೂಟರು, ಒಂದು ಸ್ಕ್ಯಾನರು, ತಿರುಗುವಾಗ ಟಕ್ ಟಕ್ ಎನ್ನುವ ಒಂದು ಫ್ಯಾನು. ಮದುವೆ ಬ್ಯಾನರು, ಕಿವಿ ಚುಚ್ಚುವ ಸಮಾರಂಭದ ಬ್ಯಾನರು, ಬೀಗದ ಅಂಗಡಿಗಳ ಬೋರ್ಡು, ಒಡ್ಡನ್‌ಛತ್ರಂ ತರಕಾರಿ ಮಂಡಿಗಳ ಬಿಲ್ ಪುಸ್ತಕ, ಇವೇ ನನ್ನ ಜೀವಮಾನದ ಕೃತಿಗಳು.

ನಮ್ಮವರು ತಲೆತಲಾಂತರದಿಂದ ಕಂಬಂ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡು ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡವನ್ನು ಆಡುತ್ತೇವೆಯೇ ಹೊರತು ಓದಲು ಬರೆಯಲು ಬಾರದು. ನನಗೆ ಮಾತ್ರ ಬರುತ್ತದೆ. ಮದುವೆಯಾದ ಹೊಸತರಲ್ಲಿ ಗಂಡನ ಕೆಲಸದಿಂದಾಗಿ ಕೆಲವು ವರ್ಷ ಬೆಂಗಳೂರಿನಲ್ಲಿದ್ದೆ. ಅಲ್ಲಿ ಮದುವೆ ಕಾರ್ಡಿನ ಪ್ರೆಸ್ಸೊಂದರಲ್ಲಿ ಟೈಪಿಂಗ್ ಮಾಡುತ್ತ ಅಕ್ಷರ ಕಲಿತೆ. ಊರಿಗೆ ಮರಳಿದ ಮೇಲೆ ಆ ವಿದ್ಯೆಯಿಂದ ಬಂದ ಲಾಭವೆಂದರೆ ಒಂದಿಷ್ಟು ಜಂಬ, ಅಷ್ಟೆ.

ಇನ್ನು ಸೆಲ್ವಿ. ಅವಳ ವಿಷಯ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ, ಹೇಳಲು ನನಗೆ ಮನಸ್ಸೂ ಇಲ್ಲ. ತಮಿಳು ಮನೆಯವಳು, ಲಾರಿಗೆ ಬಣ್ಣ ಬಳಿಯುವವರ ಮಗಳು. ನಮ್ಮ ಪ್ರೆಸ್ಸಿನಲ್ಲೇ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಕಲಿತಳು. ಫೋಟೊಶಾಪಿನಲ್ಲಿ ಲೇಯರ್ ಎಂದರೇನೆಂದು ಅವಳಿಗೆ ಹೇಳಿಕೊಟ್ಟವಳು ನಾನು. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳೆಂದುಕೋ, ಒಂದನ್ನು ಅಳಿಸಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ ಎಂದಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಗಿರಾಕಿಗಳು ಒಳಗೆ ಬಂದವರೇ ನನ್ನ ತಲೆಯ ಮೇಲಿಂದ ಇಣುಕಿ, “ಸೆಲ್ವಿ ಇಲ್ಲವಾ?” ಎನ್ನತೊಡಗಿದರು. ಮದುಮಗಳ ಫೋಟೊದಿಂದ ಹಿನ್ನೆಲೆ ಕತ್ತರಿಸಿ ತೆಗೆಯುವಾಗ ನಾನು ಕೂದಲನ್ನೂ ಸೇರಿಸಿ ಕತ್ತರಿಸುತ್ತಿದ್ದೆ. ಅವಳು ಹಾರುವ ಒಂದೊಂದು ಕೂದಲನ್ನೂ ಉಳಿಸುತ್ತಿದ್ದಳು. ಅವಳು ಬೋರ್ಡು ಮಾಡಿಕೊಟ್ಟ ಬಿರಿಯಾನಿ ಹೋಟೆಲೊಂದು ನಮ್ಮ ಮನೆಯ ಬೀದಿಯಲ್ಲೇ ಇದೆ. ಬೋರ್ಡು ನೋಡಿದರೇ ಹಸಿವಾಗುತ್ತದೆ. ನಾನು ಮಾತ್ರ ಇವತ್ತಿಗೂ ಅಲ್ಲಿ ಕಾಲಿಟ್ಟಿಲ್ಲ. ಆಮೇಲೆ ಅವಳು ತೇಣಿಗೆ ಹೋಗಿ ಸ್ವಂತ ಅಂಗಡಿ ಹಾಕಿಕೊಂಡಳು. ನಾನು ನೆಮ್ಮದಿಯ ಉಸಿರು ಬಿಟ್ಟು ಪೊಂಗಲ್ ಮಾಡಿ ಹಂಚಿದೆ. ಯಾಕೆಂದು ಯಾರೂ ಕೇಳಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ನನ್ನ ಅಣ್ಣನ ಮಗಳು ರಾಜಿ ಕಂಬಂನಿಂದ ಬಂದಳು. ಬೆಟ್ಟದ ಮೇಲಿನ ಕುಮಳಿಗೆ ಹೋಗುವ ರಸ್ತೆಯಲ್ಲಿ ಅಣ್ಣನಿಗೆ ಒಂದು ತುಂಡು ಜಾಗವಿತ್ತು. ಅಲ್ಲಿ ರಾಜಿ ದ್ರಾಕ್ಷಿ ಜ್ಯೂಸಿನ ಅಂಗಡಿ ತೆರೆಯುವವಳಿದ್ದಳು. ನಮ್ಮ ಕಣಿವೆಯ ಪನ್ನೀರು ದ್ರಾಕ್ಷಿ, ಕಪ್ಪು ನೇರಳೆ ಬಣ್ಣದ್ದು. ಹತ್ತಿರದ ಜಲಪಾತಕ್ಕೆ, ತೇಕ್ಕಡಿಯ ಕಾಡಿಗೆ ಹೋಗುವ ಪ್ರವಾಸಿಗಳ ಕಾರುಗಳು ನಿಲ್ಲಬೇಕಾದರೆ ರಸ್ತೆಗೆ ಕಾಣುವ ಉದ್ದದ ಗೋಡೆಯ ಮೇಲೆ ಗ್ರಾಫಿಟಿ ತರಹದ ಲೋಗೊ ಬೇಕು ಎಂದಳು. ಗ್ರಾಫಿಟಿ ಎಂದರೆ ಸ್ಪ್ರೇ ಡಬ್ಬಿಯಿಂದ ಗೋಡೆಗೆ ಬರೆಯುವ, ಊದಿಕೊಂಡ, ಒಂದರ ಮೈಮೇಲೆ ಒಂದು ಬಿದ್ದಂತಿರುವ ಅಕ್ಷರಗಳು. ಜನ ಅದರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ.

“ಅತ್ತೆ, ಅಂಗ್ಡಿ ಪೇರು ನಮ್ಮನೆ ಮಾತ್ನಾಗೇ ಇರ್ಲಿ. ತಂಪು. ಎಳುತ್ತೂ ಕನ್ನಡ್ದೇ ಇರ್ಲಿ,” ಎಂದಳು. ಪೇರು ಎಂದರೆ ಹೆಸರು, ಎಳುತ್ತು ಎಂದರೆ ಅಕ್ಷರ.

“ಕಂಬಂನಾಗೆ ಅದ್ನ ಓದೋರು ಯಾರವ್ರೆ?”

“ಗ್ರಾಫಿಟೀನ ಯಾರೂ ಓದಾಕಿಲ್ಲ ಅತ್ತೆ. ನೋಡ್ತಾರೆ.”

ನನಗೆ ಆದ ಸಂತೋಷಕ್ಕೆ ಎರಡು ಕಾರಣ. ಒಂದು, ನಮ್ಮಲ್ಲಿ ಅಣ್ಣನ ಮಗಳ ಮೇಲೆ ಸೋದರತ್ತೆಗೆ ಹಕ್ಕಿದೆ. ಅವಳನ್ನು ಸೊಸೆಯಾಗಿ ಕೇಳುವುದಾದರೆ ಮೊದಲ ಮಾತು ಅತ್ತೆಯದು. ಆಮೇಲೆಯೇ ಬೇರೆಯವರು. ನನಗೆ ಗಂಡುಮಕ್ಕಳಿಲ್ಲ, ಹಾಗಾಗಿ ಆ ಹಕ್ಕು ಬಳಸದೇ ಉಳಿದಿತ್ತು. ಲೋಗೊದ ರೂಪದಲ್ಲಿ ಅದು ನನಗೆ ಸಂದಿತು ಎಂದುಕೊಂಡೆ. ಇನ್ನೊಂದು ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಅಕ್ಷರ ಸೆಲ್ವಿಗೆ ಬಾರದು.

ಕೆಲಸಕ್ಕೆ ಕೂತೆ. ಮೊದಲು ಆ ಗೋಡೆಯ ಫೋಟೊ ತರಿಸಿ ಕಂಪ್ಯೂಟರಿಗೆ ಹಾಕಿಕೊಂಡೆ. ನನ್ನ ಹತ್ತಿರವಿದ್ದ ದಪ್ಪ ಕನ್ನಡ ಫಾಂಟಿನಲ್ಲಿ ‘ತಂಪು’ ಎಂದು ಟೈಪ್ ಮಾಡಿ, ವಾರ್ಪ್ ಎಂಬ ಸೌಲಭ್ಯದಿಂದ ನಡುವೆ ಉಬ್ಬಿಸಿದೆ. ಹೊರಗೆ ಬಿಳಿ ಗೆರೆ, ಅದರ ಹೊರಗೆ ಕಪ್ಪು ಗೆರೆ ಎಳೆದೆ. ಅಕ್ಷರದ ಲೇಯರನ್ನು ಮಲ್ಟಿಪ್ಲೈ ಎಂಬ ಬೆರಕೆಗೆ ಇಟ್ಟೆ. ಹಾಗೆ ಮಾಡಿದರೆ ಬಣ್ಣದೊಳಗಿಂದ ಗೋಡೆಯ ಕಲೆ, ಬಿರುಕು ಕಾಣುತ್ತವೆ, ಬಣ್ಣ ಗೋಡೆಗೇ ಹೀರಿಕೊಂಡಂತೆ ತೋರುತ್ತದೆ. ಡಿಸ್‌ಪ್ಲೇಸ್ ಎಂಬ ಫಿಲ್ಟರಿನಿಂದ ಸಿಮೆಂಟಿನ ಉಬ್ಬುತಗ್ಗಿಗೆ ಅಕ್ಷರದ ಅಂಚನ್ನೂ ಬಾಗಿಸಿದೆ. ಸ್ಪ್ರೇ ತುಂತುರಿಗೆ ಒಂದು ಬ್ರಷ್, ಸೋರುವ ಹನಿಗಳಿಗೆ ಇನ್ನೊಂದು. ಪಕ್ಕದಲ್ಲಿ ಒಂದು ದ್ರಾಕ್ಷಿ ಗೊಂಚಲನ್ನು ಇಟ್ಟೆ, ಏನು ಮಾರುತ್ತಾರೆಂದು ಜನಕ್ಕೆ ತಿಳಿಯಬೇಡವೇ? ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದ್ದೆ. ಮುಗಿದ ಮೇಲೆ ದೂರ ನಿಂತು ನೋಡಿದೆ. ಮದುವೆ ಕಾರ್ಡಿಗೆ ಕೆಸರು ಎರಚಿದ ಹಾಗಿತ್ತು.

ಫೋನಿನಲ್ಲಿ ಕಳಿಸಿದೆ. “ಚೆನ್ನಾಗೈತೆ ಅತ್ತೆ,” ಎಂದಳು ರಾಜಿ. ಈ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದವಳಿಗೆ ‘ಚೆನ್ನಾಗೈತೆ’ಯ ಬಗೆಗಳು ಗೊತ್ತು. ಒಪ್ಪಿದ ಗಿರಾಕಿ ಹಾಗೆನ್ನುವುದಿಲ್ಲ, ಯಾವಾಗ ಪ್ರಿಂಟು ಎಂದು ಕೇಳುತ್ತಾನೆ.

ಆಮೇಲೆ ಅವಳ ಸದ್ದಿಲ್ಲ. ಎರಡು ವಾರವಾದ ಮೇಲೆ ಅಣ್ಣ ಫೋನಿನಲ್ಲಿ ದ್ರಾಕ್ಷಿಯ ರೇಟು, ಮೊಣಕಾಲು ನೋವು ಎಲ್ಲ ಹೇಳಿ, ಕೊನೆಗೆ, “ತೇಣಿ ಸೆಲ್ವಿ ಹತ್ರ ಒಂದು ಪಾರ್ಪಮ್ ಅಂತ ರಾಜಿ ಹೋಗವ್ಳೆ,” ಎಂದ. ಪಾರ್ಪಮ್ ಎಂದರೆ ನೋಡೋಣ. ನಾನು ಫೋನಿಟ್ಟೆ. ನನ್ನ ಅಣ್ಣನ ಮಗಳು, ನನ್ನ ಮನೆಯ ಮಾತು, ನನಗೊಬ್ಬಳಿಗೇ ಗೊತ್ತಿರುವ ಅಕ್ಷರ. ಅದಕ್ಕೂ ಸೆಲ್ವಿಯೇ ಬೇಕಾಯಿತೇ? ಅವತ್ತು ಬೀಗದ ಅಂಗಡಿಯೊಂದರ ಬೋರ್ಡಿನಲ್ಲಿ ಮಾಲೀಕರ ಹೆಸರನ್ನೇ ಬಿಟ್ಟು ಪ್ರಿಂಟಿಗೆ ಕಳಿಸಿದೆ.

ಮೂರನೆಯ ದಿನ ಮಧ್ಯಾಹ್ನ ಸೆಲ್ವಿಯೇ ಪ್ರೆಸ್ಸಿಗೆ ಬಂದಳು. ತೇಣಿಯಿಂದ ಬಸ್ಸಿನಲ್ಲಿ ಬಂದಿದ್ದಳು, ಕೈಯಲ್ಲಿ ಒಂದು ಪೆನ್ ಡ್ರೈವ್. ಹಳೆಯ ಕುರ್ಚಿಯನ್ನು ಎಳೆದುಕೊಂಡು ನನ್ನ ಪಕ್ಕ ಕೂತಳು. ಅವಳು ತಮಿಳಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

“ಅಕ್ಕಾ, ನೀವು ಮಾಡಿದ್ದನ್ನ ನೋಡಿಕೊಂಡೇ ಎಳೆದೆ. ಅಕ್ಷರ ಸರಿಯಾ ತಪ್ಪಾ ಅಂತ ನನಗೂ ಗೊತ್ತಿಲ್ಲ, ರಾಜಿಗೂ ಗೊತ್ತಿಲ್ಲ. ಅತ್ತೆ ಸರಿ ಅಂದರೆ ಇದು, ತಪ್ಪು ಅಂದರೆ ಅತ್ತೆ ಮಾಡಿದ್ದೇ ಗೋಡೆಗೆ ಅಂತ ಅವಳು ಹೇಳಿದಾಳೆ. ನೀವು ನೋಡಿ.”

ಫೈಲು ತೆರೆದೆ. ಆ ಕ್ಷಣವನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತದೆ.

ಅವಳು ಫಾಂಟನ್ನು ಮುಟ್ಟಿಯೇ ಇರಲಿಲ್ಲ. ಕಾಗದದ ಮೇಲೆ ಮಾರ್ಕರಿನಿಂದ ಕೈಯಲ್ಲೇ ಬಿಡಿಸಿ, ಫೋನಿನಲ್ಲಿ ಫೋಟೊ ತೆಗೆದು, ಫೋಟೊಶಾಪಿನ ಲೆವೆಲ್ಸ್‌ನಲ್ಲಿ ಕಾಗದದ ಬೂದು ಬಣ್ಣವನ್ನು ಪೂರಾ ಬಿಳಿ ಮಾಡಿ, ಗೆರೆಯನ್ನು ಮಾತ್ರ ಉಳಿಸಿಕೊಂಡಿದ್ದಳು. ಆಮೇಲೆ ಬಣ್ಣ. ‘ತ’ ಹೊಟ್ಟೆ ತುಂಬಿದ ಕರುವಿನಂತೆ ಮೈ ಚಾಚಿ ಕೂತಿತ್ತು. ‘ಪು’ವಿನ ಕೊಂಬು ಬಾಗಿ, ತೆಳ್ಳಗಾಗಿ, ರಸದಂತೆ ಗೋಡೆಯ ಕೆಳಗೆ ಜಿನುಗುತ್ತಿತ್ತು. ಎರಡರ ನಡುವಿನ ಸೊನ್ನೆ ಒಂದು ದ್ರಾಕ್ಷಿ. ತಣ್ಣಗೆ, ಕಪ್ಪಗೆ, ಮೈಮೇಲೆ ಬೆವರಿದ ಹನಿಗಳೊಂದಿಗೆ, ಪಕ್ಕದ ಎರಡು ಅಕ್ಷರಗಳ ಒತ್ತಡಕ್ಕೆ ಇನ್ನೇನು ಒಡೆಯುವಂತಿತ್ತು. ಬೇರೆ ಗೊಂಚಲು ಗಿಂಚಲು ಏನೂ ಇರಲಿಲ್ಲ.

“ಈ ಉಂಡೆ ಏನು ಅಂತ ತಿಳೀಲಿಲ್ಲ ಅಕ್ಕಾ,” ಎಂದಳು ಸೆಲ್ವಿ. “ದುಂಡಗಿತ್ತು. ಹಣ್ಣು ಮಾಡಿದೆ.”

ಎಷ್ಟು ಸಾವಿರ ಮದುವೆ ಕಾರ್ಡುಗಳಲ್ಲಿ ನಾನು ಆ ಸೊನ್ನೆಯನ್ನು ಒತ್ತಿದ್ದೇನೋ. ಕುಂಕುಮದಲ್ಲಿ, ಮಂಗಳದಲ್ಲಿ, ಬಂಧುಗಳಲ್ಲಿ. ಅದು ದುಂಡಗಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನನಗೆ ಅದೊಂದು ಸದ್ದು. ಅವಳಿಗೆ ಸದ್ದು ಗೊತ್ತಿಲ್ಲ, ಹಾಗಾಗಿ ಆಕಾರ ಕಂಡಿತ್ತು. ನಾನು ಕಷ್ಟಪಟ್ಟು ಕಲಿತದ್ದೇ ನನಗೆ ಅಡ್ಡ ಬಂದಿತ್ತು, ಅವಳು ಕಲಿಯದೇ ಇದ್ದದ್ದು ಅವಳಿಗೆ ಒದಗಿತ್ತು. ಇದು ಯಾವ ನ್ಯಾಯ?

ತಪ್ಪು ಹುಡುಕಲು ಕೂತೆ. ನಾನೂರು ಪರ್ಸೆಂಟಿಗೆ ಹಿಗ್ಗಿಸಿ ಅಂಚು ಅಂಚನ್ನೂ ನೋಡಿದೆ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದೆ. ಕಣ್ಣಿಗೆ ಒಗ್ಗಿಹೋದ ಸೊಟ್ಟು ಹಾಗೆ ತಿರುಗಿಸಿದಾಗ ಸಿಕ್ಕಿಬೀಳುತ್ತದೆ, ಇದು ನಮ್ಮ ಕಸುಬಿನ ಉಪಾಯ. ಎಲ್ಲೂ ಸಿಗಲಿಲ್ಲ. ತಲೆಕಟ್ಟು ಅದರ ಜಾಗದಲ್ಲಿತ್ತು, ಕೊಂಬೂ ಇತ್ತು. ಕರ್ನಾಟಕದ ಯಾವ ಮೇಷ್ಟರೂ ‘ತಂಪು’ ಎಂದೇ ಓದಬೇಕು.

ಆದರೆ ಅಲ್ಲಿ ಮೇಷ್ಟರು ಯಾರಿದ್ದರು? ನಾನೊಬ್ಬಳೇ. ‘ಇಲ್ಲ ಸೆಲ್ವಿ, ಇದು ಅಕ್ಷರವೇ ಅಲ್ಲ’ ಎಂದರೆ ಮುಗಿಯಿತು. ಅವಳು ಪೆನ್ ಡ್ರೈವ್ ಎತ್ತಿಕೊಂಡು ಬಸ್ಸು ಹತ್ತುತ್ತಾಳೆ, ನನ್ನ ಕೆಸರಿನ ಮದುವೆ ಕಾರ್ಡು ಕುಮಳಿ ರಸ್ತೆಯ ಗೋಡೆಗೇರುತ್ತದೆ. ಹೇಳಿಬಿಡಲು ಅವಳತ್ತ ತಿರುಗಿದೆ. ಸೆಲ್ವಿ ಮಾನಿಟರನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಲೇಯರ್ ಎಂದರೇನೆಂದು ಕೇಳಿದ ದಿನ ಹೇಗೆ ನೋಡಿದ್ದಳೋ ಹಾಗೆಯೇ. ನಾನು ಹೇಳಿದ್ದನ್ನು ಅವಳು ಆಗಲೂ ಪ್ರಶ್ನಿಸಿರಲಿಲ್ಲ. ಅದೇ ನನಗೆ ಹೆಚ್ಚು ಉರಿಸಿತು. ತನ್ನ ಒಳ್ಳೆಯ ಕೆಲಸವನ್ನು ಹೀಗೆ ಇನ್ನೊಬ್ಬಳ ಮಡಿಲಿಗೆ ಹಾಕಿ ಸುಮ್ಮನೆ ಕೂರುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

“ಸರಿಯಾಗಿದೆ,” ಎಂದೆ.

“ನಿಜವಾಗಲೂ?”

“ಸರಿಯಾಗಿದೆ ಅಂದೆನಲ್ಲ.” ಆದರೂ ಸುಮ್ಮನಿರಲಾಗದೆ ಸೇರಿಸಿದೆ, “ಆದರೆ ಈ ನೇರಳೆ ಬಣ್ಣ ಸ್ಕ್ರೀನಿನಲ್ಲಿ ಮಿಂಚುತ್ತೆ ಅಷ್ಟೆ. ಪ್ರಿಂಟಿಗೆ ಹಾಕಿದರೆ ಮಂಕು ಬೀಳುತ್ತೆ.” ಅದು ಸತ್ಯವೇ. ಸ್ಕ್ರೀನು ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರಿಂಟರು ಶಾಯಿಯಿಂದ. ಬೆಳಕಿನ ಎಲ್ಲ ಬಣ್ಣವೂ ಶಾಯಿಗೆ ಎಟುಕುವುದಿಲ್ಲ.

“ಪ್ರಿಂಟು ಮಾಡಲ್ಲ ಅಕ್ಕಾ. ಡಬ್ಬಿ ತಂದು ನಾನೇ ಗೋಡೆಗೆ ಹೊಡೀತೀನಿ,” ಎಂದಳು.

ಅಲ್ಲಿಗೆ ನನ್ನ ಕೊನೆಯ ಬಾಣವೂ ಮುಗಿಯಿತು. ಅವಳಿಗೆ ಕಾಫಿ ತರಿಸಿದೆ. ಸಕ್ಕರೆ ಕಡಿಮೆ ಎಂದಳು, ಇನ್ನೊಂದು ಚಮಚ ಹಾಕಿಸಿದೆ.

ಅಂಗಡಿ ಬೇಸಿಗೆಯಲ್ಲೇ ತೆರೆಯಿತು. ಕಾರುಗಳು ನಿಂತವು, ಜನ ದ್ರಾಕ್ಷಿಗೆ ಒರಗಿ ಫೋಟೊ ತೆಗೆಸಿಕೊಂಡರು. ಒಬ್ಬರೂ ಓದಲಿಲ್ಲ. ರಾಜಿ ಹೇಳಿದಂತೆ ನೋಡಿದರು. ನಾನು ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಅಂಗಡಿಯ ಒಳಗೆ, ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಕಾರ್ತಿಕ ಮಾಸ ಬಂತು. ಶಬರಿಮಲೆಗೆ ಹೋಗುವ ಬಸ್ಸುಗಳು ನಮ್ಮ ಕಣಿವೆಯ ರಸ್ತೆಯಲ್ಲೇ ಹಾದು ಹೋಗುತ್ತವೆ. ಒಂದು ಬೆಳಗ್ಗೆ ನಾನು ಅಲ್ಲಿದ್ದಾಗ ಒಂದು ಬಸ್ಸು ಅಂಗಡಿ ದಾಟಿ ಹೋಗಿ, ನಿಂತು, ಹಿಂದಕ್ಕೆ ಬಂತು. ಕಪ್ಪು ಪಂಚೆಯ ಸ್ವಾಮಿಗಳು ಇಳಿದರು. ಮುಂದಿದ್ದ ಹಿರಿಯರು ಗೋಡೆಯ ಮುಂದೆ ನಿಂತು ಮಗ್ಗಿ ಹೇಳುವಂತೆ ಜೋರಾಗಿ ಓದಿದರು: “ತಂ... ಪು.” ಆ ಗೋಡೆಯನ್ನು ನನ್ನ ಹೊರತು ಮೊದಲು ಓದಿದವರು ಅವರು. ದಾವಣಗೆರೆ ಕಡೆಯವರಂತೆ. ಬಸ್ಸಿನ ಅಷ್ಟೂ ಜನ ಜ್ಯೂಸು ಕುಡಿದರು. ರಾಜಿಯ ಹಳೆಯ ಕನ್ನಡ ಕೇಳಿ ಅವರಿಗೆ ನಗು, ಅವರ ಕನ್ನಡ ಕೇಳಿ ರಾಜಿಗೆ ನಗು.

ಹಿರಿಯರು ನನ್ನ ಹತ್ತಿರ ಬಂದರು. “ಇಷ್ಟು ದೂರ ಬಂದು ನಮ್ಮ ಅಕ್ಷರ ನೋಡ್ತೀವಿ ಅಂದ್ಕೊಂಡಿರಲಿಲ್ಲ ತಾಯಿ. ಇಲ್ಲಿ ನಿಮಗೊಬ್ಬರಿಗೇ ಕನ್ನಡ ಓದೋಕೆ ಬರುತ್ತಂತೆ. ಇದನ್ನ ಬರೆದೋರು ನೀವೇ ಇರಬೇಕು?”

ರಾಜಿ ಲೋಟ ತೊಳೆಯುವುದನ್ನು ನಿಲ್ಲಿಸಿದಳು.

“ಅಲ್ಲ,” ಎಂದೆ. “ಬರೆದವಳಿಗೆ ಓದೋಕೆ ಬರೋದಿಲ್ಲ.”

ಅವರು ನಂಬಲಿಲ್ಲ. ನಾನು ಸಂಕೋಚಪಡುತ್ತಿದ್ದೇನೆಂದುಕೊಂಡು ಕೈಮುಗಿದರು, ಗೋಡೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದುಕೊಂಡರು. ಅವತ್ತು ಮೊದಲ ಸಲ ಆ ದ್ರಾಕ್ಷಿಯನ್ನು ಹತ್ತಿರದಿಂದ ಮುಟ್ಟಿದೆ. ಸೆಲ್ವಿ ಸ್ಪ್ರೇಯನ್ನು ಒಂದೇ ಉಸಿರಿಗೆ ಹೊಡೆದಿದ್ದಳು, ಎಲ್ಲೂ ತಿದ್ದಿದ ಗುರುತಿರಲಿಲ್ಲ. ಆಗಲೂ ಉರಿಯಿತು.

ಈಗ ನಾನು ನಿವೃತ್ತಳು. ಈ ಕಸುಬು ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ಒಂದು ಮಾತು ಹೇಳಬಲ್ಲೆ. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ನನಗೆ ಮೋಸ ಮಾಡಿದೆ, ಅಳತೆಯಲ್ಲಿ ಕೈ ಮೋಸ ಮಾಡಿದೆ. ಹೊಟ್ಟೆಕಿಚ್ಚು ಮಾತ್ರ ಎಂದೂ ಮೋಸ ಮಾಡಲಿಲ್ಲ. ಇಷ್ಟು ವರ್ಷದಲ್ಲಿ ಅದು ಒಂದೇ ಒಂದು ಕೆಟ್ಟ ಕೆಲಸಕ್ಕಾಗಿ ಉರಿದಿಲ್ಲ. ಈಗಲೂ ಹಳೆಯ ಪರಿಚಯದವರು ತಮ್ಮ ಡಿಸೈನು ತಂದು ಹೇಗಿದೆ ಎಂದು ಕೇಳುತ್ತಾರೆ. ನಾನು ಒಂದು ನಿಮಿಷ ಸುಮ್ಮನೆ ನೋಡುತ್ತೇನೆ. ಹೊಟ್ಟೆ ತಣ್ಣಗಿದ್ದರೆ, ಇನ್ನೊಮ್ಮೆ ಮಾಡಿಕೊಂಡು ಬನ್ನಿ ಎನ್ನುತ್ತೇನೆ.