ಆಂಟನಿಯವರ ಮನೆತನಕ್ಕೆ ನಾನು ಅಂಟಿಸಿದ ಕಥೆ

ಆ ಕಥೆ ಸುಳ್ಳು. ಕೋಟೆಯ ಬಾಗಿಲನ್ನು ಶತ್ರುಗಳಿಗೆ ಒಳಗಿನಿಂದ ತೆರೆದುಕೊಟ್ಟವನು ಆ ಕೋಟೆಯ ಪಕ್ಕದ ಮನೆಯವರ ಪೂರ್ವಜ ಎಂದು ವರ್ಷಗಟ್ಟಲೆ ನೂರಾರು ಜನರ ಮುಂದೆ ಹೇಳಿದವನು ನಾನು. ಯಾವ ಪುಸ್ತಕದಲ್ಲೂ ಅದಿಲ್ಲ. ನನ್ನ ಬಾಯಲ್ಲೇ ಹುಟ್ಟಿದ್ದು.

ನಾನು ಕಾಸರಗೋಡಿನ ಕಡೆಯವನು. ಕೊಚ್ಚಿಯ ಕಲೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಕರ್ನಾಟಕದಿಂದ ಬರುವ ಪ್ರವಾಸಿಗರಿಗೆ ಗೈಡ್ ಆಗಿದ್ದೆ. ಅದೇ ಊರಿನಲ್ಲಿ ಹಳೆಯ ಬಂಗಲೆಯೊಂದನ್ನು ಹೋಟೆಲ್ ಮಾಡಿದ್ದರು. ಅಲ್ಲಿಂದ ಹೊರಟು, ದಾರಿಯಲ್ಲಿ ಒಂದೆರಡು ಕೋಟೆ ತೋರಿಸಿ, ತಿರುವನಂತಪುರದ ಅಂಥದೇ ಇನ್ನೊಂದು ಹೋಟೆಲಿಗೆ ಅತಿಥಿಗಳನ್ನು ಮುಟ್ಟಿಸುವುದು ನನ್ನ ಕೆಲಸ. ಕೊನೆಯ ನಿಲುಗಡೆ ಸಮುದ್ರದಂಚಿನ ಒಂದು ಸಣ್ಣ ಕೋಟೆ. ನಾಲ್ಕು ಗೋಡೆ, ಒಂದು ಬಾವಿ — ಅಷ್ಟೇ. ಅಲ್ಲಿಗೆ ಬರುವಷ್ಟರಲ್ಲಿ ಜನ ಬಿಸಿಲಿಗೆ ಸೋತು, ಮೊಬೈಲ್ ನೋಡುತ್ತಾ ನಿಲ್ಲುತ್ತಿದ್ದರು. ಒಂದು ದಿನ ಒಬ್ಬರು ಆಕಳಿಸಿ, "ಇಲ್ಲಿ ಏನೂ ನಡೆದೇ ಇಲ್ವಾ?" ಎಂದು ಕೇಳಿದರು. ನಾನು ಗೋಡೆಯಾಚೆಯ ಹೆಂಚಿನ ಮನೆಯತ್ತ ಕೈ ತೋರಿಸಿದೆ. ಯಾಕೆ ಆ ಮನೆಯನ್ನೇ — ಎದುರಿಗಿತ್ತು, ಅಷ್ಟಕ್ಕೇ.

ಅದು ಆಂಟನಿಯವರ ಮನೆ. ಕೋಟೆಯೊಳಗೆ ಬೆಳೆದ ಹುಲ್ಲು ಕೀಳುವುದು, ಬಾವಿಗೆ ಬಿದ್ದ ಪ್ಲಾಸ್ಟಿಕ್ ತೆಗೆಯುವುದು — ಯಾರೂ ಹೇಳದೆ ಮಾಡುತ್ತಿದ್ದರು. ಅವರ ಅಪ್ಪನೂ ಮಾಡುತ್ತಿದ್ದರಂತೆ. ನನ್ನ ಅತಿಥಿಗಳನ್ನು ಕರೆದು ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟವರು. ನಾನೂ ಕುಡಿದಿದ್ದೇನೆ, ಎಷ್ಟೋ ಸಲ.

ಕಥೆ ನನ್ನ ಕೈಮೀರಿತು. ಬೇರೆ ಗೈಡುಗಳು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಹೇಳತೊಡಗಿದರು; ಯಾರೋ ವಿಡಿಯೋ ಮಾಡಿ ಹಾಕಿದರು. ಜನ ಆ ಮನೆಯ ಗೇಟಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡರು, ದ್ರೋಹಿಯ ಮನೆ ಎಂದು.

ಒಂದು ಮಧ್ಯಾಹ್ನ ಆಂಟನಿಯವರ ಹೆಂಡತಿ ಕೋಟೆಯೊಳಗೆ ಬಂದರು. ರೋಸಮ್ಮ ಟೀಚರ್ — ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನನ್ನನ್ನು ಪಕ್ಕಕ್ಕೆ ಕರೆದು, ಮಲಯಾಳದಲ್ಲಿ, ಮಗನನ್ನು ಕರೆದಂತೆ ಮೆಲ್ಲಗೆ ಕೇಳಿದರು: "ಮೋನೇ, ಇದು ಎಲ್ಲಿ ಬರೆದಿದೆ? ನೀನು ಓದಿದ್ದೀಯಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಹಿಂದೆ ಅತಿಥಿಗಳು ನಿಂತಿದ್ದರು — ಅವರಿಗೆ ಮಲಯಾಳ ಅರ್ಥವೂ ಆಗುತ್ತಿರಲಿಲ್ಲ. ಆದರೂ ನಾನು, "ಹಳೇ ದಾಖಲೆಯಲ್ಲಿದೆ, ಟೀಚರ್" ಎಂದೆ.

ಅವರು ತಲೆಯಾಡಿಸಿದರು. ಬರೆದಿಟ್ಟದ್ದಕ್ಕೆ ಬೆಲೆ ಕೊಟ್ಟು ಬದುಕಿದವರು. ಮನೆಗೆ ಹೋಗಿ ಗಂಡನಿಗೂ ಹಾಗೆಯೇ ಹೇಳಿದರು, ನಿಜವಂತೆ ಎಂದು.

ಮುಂದಿನ ಸಲ ಹೋದಾಗ ಕೋಟೆಯಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಜಗಲಿಯಲ್ಲಿ ಕೂತಿದ್ದ ಆಂಟನಿಯವರು ನಮ್ಮ ಬಸ್ ಕಂಡು ಎದ್ದು ಒಳಗೆ ಹೋದರು. ಇದನ್ನೂ ಬರೆಯಬೇಕು. ಅಂದೂ ನಾನು ಅದೇ ಕಥೆ ಹೇಳಿದೆ. ಚಪ್ಪಾಳೆಯೂ ಬಿತ್ತು.

ಎರಡು ವರ್ಷದ ಬಳಿಕ ಆಂಟನಿಯವರು ತೀರಿಕೊಂಡ ಸುದ್ದಿ ಬಂತು. ನಾನು ಆ ದಾರಿಯನ್ನೇ ಬಿಟ್ಟೆ. ಟೀಚರ್ ಈಗ ತಿರುವನಂತಪುರದ ಉಳ್ಳೂರಿನಲ್ಲಿ ಮಗಳ ಜೊತೆ ಇದ್ದಾರೆಂದು ತಿಳಿದು, ಮೂರು ಸಲ ಜಂಕ್ಷನ್‌ವರೆಗೆ ಹೋಗಿ ವಾಪಸಾದೆ. ಕಳೆದ ವಾರ ಬೆಲ್ ಒತ್ತಿದೆ.

ಗುರುತು ಹಿಡಿದು ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ — ದಾಖಲೆ ಇಲ್ಲ, ದ್ರೋಹಿಯೂ ಇಲ್ಲ, ನಾನೇ ಕಟ್ಟಿದ್ದು. ಅವರು ಅಳಲಿಲ್ಲ, ಬೈಯಲೂ ಇಲ್ಲ. ಆಂಟನಿಯವರು ಕೊನೆಯವರೆಗೂ ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ಆ ಪೂರ್ವಜನ ಪಾಪಕ್ಕಾಗಿ ಪ್ರಾರ್ಥಿಸುತ್ತಿದ್ದರಂತೆ. ಹೆಸರು ಗೊತ್ತಿರಲಿಲ್ಲವಲ್ಲ, ನಮ್ಮ ಅಜ್ಜ ಎಂದಷ್ಟೇ ಹೇಳುತ್ತಿದ್ದರಂತೆ.

ಆಮೇಲೆ ಟೀಚರ್ ಹೇಳಿದ್ದು ಒಂದೇ ಮಾತು: "ಅವರಿದ್ದಾಗ ಬರಬಹುದಿತ್ತಲ್ಲ, ಮೋನೇ."

ನಾನು ಎದ್ದೆ. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರು.