ಬೇಲಿಯೊಳಗಿನ ವೀರಗಲ್ಲು

ನಮ್ಮ ಓಲ್ಡ್ ಟೌನ್ ಬೀದಿಯಲ್ಲಿ ಕಾಶಮ್ಮನ ಬಾಯಿಗೆ ಹೆದರದವರಿಲ್ಲ. ಅಂಥ ಕಾಶಮ್ಮ ತಲೆಬಾಗುವುದು ತಿರುವಿನಲ್ಲಿರುವ ವೀರಗಲ್ಲಿಗೆ ಮಾತ್ರ. ಸೊಸೆಯಾಗಿ ಬಂದಂದಿನಿಂದ ಸೋಮವಾರ ತಪ್ಪದೆ ಅದನ್ನು ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚುತ್ತಿದ್ದರು. ಅವರ ಮನೆಯಲ್ಲಿ ಮದುವೆಯೆಂದರೆ ಮೊದಲ ಅರಿಶಿನ ಆ ಕಲ್ಲಿಗೆ, ಆಮೇಲೆ ಹೆಣ್ಣಿಗೆ.

ಹೋದ ವರ್ಷ ಶಿವಮೊಗ್ಗದಿಂದ ಪರಂಪರೆ ಉಳಿಸುವವರ ಒಂದು ಸಂಘ ಬಂತು. ಎಣ್ಣೆಯಿಂದ ಕಲ್ಲು ಹಾಳಾಗುತ್ತದೆಂದು ಉಜ್ಜಿ ತೊಳೆದು, ಸುತ್ತ ಕಬ್ಬಿಣದ ಬೇಲಿ ಹಾಕಿ, ಗೇಟಿಗೆ ಬೀಗ ಜಡಿದರು. ಭಾನುವಾರ ಬಸ್ಸಿನಲ್ಲಿ ಜನರನ್ನು ತಂದು ತೋರಿಸುತ್ತಾರೆ. ನನಗಂತೂ ಮೈಯೆಲ್ಲ ಉರಿಯುತ್ತದೆ. ಹಿಂದೊಮ್ಮೆ ಚರಂಡಿ ಕೆಲಸದವರು ಅದನ್ನು ಕೀಳಲು ಹಾರೆ ಎತ್ತಿದಾಗ ಆ ಕಲ್ಲಿಗೆ ಅಡ್ಡ ನಿಂತವರು ಕಾಶಮ್ಮ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವುದೆಂದರೆ ಇದೇ.

ಮೊಮ್ಮಗಳು ಅಕ್ಷರಾಳ ಮದುವೆ ಗೊತ್ತಾಯಿತು. ಬೀಗ ತೆಗೆಯಿರಿ ಎಂದು ಕಾಶಮ್ಮ ಸಂಘದ ಜ್ಞಾನೇಶನನ್ನು ಕೇಳಿದರು.

"ಪರ್ಮಿಶನ್ ಇಲ್ಲ ಅಜ್ಜಿ" ಎಂದ.

ಅರಿಶಿನದ ದಿನ ಭಾನುವಾರ. ಬಸ್ಸು ಬಂತು. ಬಂದವರಿಗೆ ಜ್ಞಾನೇಶ ತಾನೇ ಗೇಟು ತೆಗೆದು, "ಹಿಂದಿನ ಕಾಲದಲ್ಲಿ ಇಲ್ಲಿನ ಜನ ಇದಕ್ಕೆ ಪೂಜೆ ಮಾಡ್ತಿದ್ರು" ಎಂದು ಶುರುಮಾಡಿದ. ಅರಿಶಿನದ ಬಟ್ಟಲು ಹಿಡಿದು ಕಾಶಮ್ಮ ನುಗ್ಗಿದರು.

"ಹಿಂದಿನ ಕಾಲದೋಳು ಇನ್ನೂ ಸತ್ತಿಲ್ಲ. ದಾರಿ ಬಿಡೋ ಮಾರಾಯ!"

"ಮುಟ್ಬೇಡಿ ಅಜ್ಜಿ!"

ಮುಟ್ಟಿದರು. ಎರಡೂ ಕೈಯಲ್ಲಿ ಬಳಿದರು. ಫೋನುಗಳೆಲ್ಲ ಮೇಲೆದ್ದವು. ಕೂಲಿಂಗ್ ಗ್ಲಾಸ್ ಹಾಕಿದ್ದ ಒಬ್ಬಾಕೆ, "ಸೂಪರ್ ಅಜ್ಜಿ! ಇನ್ನೊಂದ್ಸಲ ಹಚ್ಚಿ, ವಿಡಿಯೋ ಮಿಸ್ ಆಯ್ತು" ಎಂದಳು.

"ನಾಟ್ಕ ಅಂದ್ಕೊಂಡ್ಯೇನಮ್ಮ? ಅಲ್ಲಿ ಹೆಣ್ಣು ಹಸೆ ಮೇಲೆ ಕೂತಿದ್ದಾಳೆ!"

ಉಳಿದ ಅರಿಶಿನ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದರು.

ಮದುವೆ ಮುಗಿಯಿತು. ಸ್ವಲ್ಪ ದಿನಕ್ಕೆ ಬೇಲಿಯ ಮೇಲೆ ದೊಡ್ಡ ಬ್ಯಾನರ್ ಬಂತು. ಕಲ್ಲಿಗೆ ಅರಿಶಿನ ಬಳಿಯುತ್ತಿರುವ ಕಾಶಮ್ಮ. ಕೆಳಗೆ 'ನಮ್ಮ ಜೀವಂತ ಪರಂಪರೆ' ಎಂಬ ಬರಹ. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಸೋಮವಾರ ಕಾಶಮ್ಮ ಎಣ್ಣೆ ಬಟ್ಟಲು ಹಿಡಿದು ಹೋದರೆ ಗೇಟಿಗೆ ಬೀಗ ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ.

"ಈ ಫೋಟೋ ಕಿತ್ತು ಬಿಸಾಕ್ತೀನಿ ಕಾಶಮ್ಮ" ಎಂದೆ.

"ಫೋಟೋ ಏನ್ ಮಾಡ್ತು ಮಾರಾಯ? ಹೋಗಿ ಸುತ್ತಿಗೆ ತಗೊಂಡ್ ಬಾ" ಎಂದರು.